ನಾಲ್ಕನೆಯ ಕಂಬದ ಹಿಂದೆ

ಫೆಬ್ರವರಿ ಹನ್ನೊಂದು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಬುಜಾಕ್ಷಿ ತನ್ನ ಪ್ರಶ್ನೆಯನ್ನು ಮಠದ ಗುರುಗಳ ಮುಂದಿಟ್ಟಳು.

"ಗುರುಗಳೇ, ಕೊಟ್ಟವರ ಮನಸ್ಸು ಶುದ್ಧವಾಗಿದೆ. ಪಡೆದವರಿಗೆ ಒಳಿತೂ ಆಗಿದೆ. ಆದರೂ ಪಡೆದವರು ಬಿಟ್ಟುಹೋಗುವುದೇಕೆ?"

ಬಿಡಿಸಿ ಹೇಳುವಂತೆ ಗುರುಗಳು ಸನ್ನೆ ಮಾಡಿದರು.

ಬಿಡಿಸಿ ಹೇಳುವುದು ಅಂಬುಜಾಕ್ಷಿಯ ವೃತ್ತಿಯೇ ಆಗಿತ್ತು. ಅವಳು ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವಳು. ನಿವೃತ್ತಿಯ ನಂತರ ತನ್ನ ಬಡಾವಣೆಯ ಕ್ರೀಡಾ ಮಂದಿರದ ಅಧ್ಯಕ್ಷೆಯಾಗಿದ್ದಳು. ಅಲ್ಲಿ ಈಜುಕೊಳವಿತ್ತು, ಆಟದ ಅಂಗಳವಿತ್ತು. ಶುಲ್ಕ ಕೊಡಲಾರದ ಮನೆಗಳ ಮಕ್ಕಳಿಗೆ ಎರಡು ವರ್ಷಗಳಿಂದ ಮಂದಿರವೇ ಶುಲ್ಕ ಭರಿಸುತ್ತಿತ್ತು. ಆ ಏರ್ಪಾಡನ್ನು ತಂದವಳು ಅವಳೇ. ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ತಾಯಂದಿರು, ಮಕ್ಕಳು ಇಲ್ಲಿ ಸುರಕ್ಷಿತವಾಗಿದ್ದಾರೆಂಬ ಧೈರ್ಯದಿಂದ ಸಂಜೆಯ ಪಾಳಿಯನ್ನೂ ಮಾಡುತ್ತಿದ್ದರು. ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳು ಈಜು ಕಲಿತಿದ್ದರು.

"ನೆರವು ಯಾರಿಗೆ ಸಿಕ್ಕಿತೆಂದು ಹೊರಗೆ ತಿಳಿಯಬಾರದೆಂದು ಆ ಮಕ್ಕಳ ಹೆಸರನ್ನು ನಾವು ಎಲ್ಲಿಯೂ ಬರೆದಿಲ್ಲ. ಒಂದೊಂದು ಸಂಖ್ಯೆ ಕೊಟ್ಟಿದ್ದೇವೆ. ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವುದು? ಆದರೂ ದೀಪಾವಳಿಯಿಂದೀಚೆಗೆ ಒಂಬತ್ತು ಮಕ್ಕಳು ಬರುವುದನ್ನೇ ಬಿಟ್ಟಿದ್ದಾರೆ. ಈ ಸಂಜೆ ಐದಕ್ಕೆ ಸಮಿತಿ ಸೇರುತ್ತದೆ. ಬೆಲೆ ತಿಳಿಯದವರಿಗೆ ನೆರವೇಕೆ, ನಿಲ್ಲಿಸಿಬಿಡೋಣ ಎನ್ನುವವರೇ ಹೆಚ್ಚು. ನಾನು ಏನು ಹೇಳಬೇಕು?"

ಗುರುಗಳು ನಕ್ಕರು. "ತರ್ಕ ಕಲಿಸಿದವರಿಗೆ ಉತ್ತರ ಕೊಡುವಷ್ಟು ಧೈರ್ಯ ನನಗಿಲ್ಲ ತಾಯಿ. ಕತೆ ಹೇಳುತ್ತೇನೆ. ಕತೆಯಲ್ಲಿ ತಪ್ಪು ಕಂಡರೂ ಅದು ಪಾಪ, ತನ್ನ ಪಾಡಿಗೆ ನಡೆದುಹೋಗುತ್ತದೆ."

ಅವರು ಹೇಳಿದ ಕತೆ ಇದು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಊರ ಮಕ್ಕಳು ಗಾಡಿಗಳ ನಡುವೆ, ದನಗಳ ಕಾಲಡಿ ಆಡುವುದನ್ನು ಅವನು ದಿನವೂ ನೋಡುತ್ತಿದ್ದ. ಒಂದು ದಿನ ನೋಡುವುದನ್ನು ಬಿಟ್ಟು ಒಂದು ಆಟದ ಮನೆ ಕಟ್ಟಿಸಿದ. ಹನ್ನೆರಡು ಕಂಬಗಳ ಹಜಾರ, ನೆಲಕ್ಕೆ ಜರಡಿ ಹಿಡಿದ ಮರಳು, ಹಿಂಬದಿಗೆ ಮೆಟ್ಟಿಲುಗಳಿರುವ ಕೊಳ.

ಆಟದ ಮನೆ ನಡೆಯಬೇಕಲ್ಲ. ಅದಕ್ಕೊಂದು ಶುಲ್ಕವಿಟ್ಟ. ಶುಲ್ಕ ಕೊಟ್ಟ ಮಗುವಿನ ಹೆಸರನ್ನು ಹಿತ್ತಾಳೆಯ ಬಿಲ್ಲೆಯ ಮೇಲೆ ಕೊರೆಸಿದ. ಮಗು ಒಳಗೆ ಬರುವಾಗ ಬಿಲ್ಲೆಯನ್ನು ಬಾಗಿಲ ಪಕ್ಕದ ಹಲಗೆಗೆ ತೂಗುಹಾಕಬೇಕು, ಹೋಗುವಾಗ ತೆಗೆದುಕೊಳ್ಳಬೇಕು. ಸಂಜೆ ಹಲಗೆ ಬರಿದಾದರೆ ಮನೆಯೂ ಬರಿದಾಯಿತೆಂದು ತಿಳಿದು ಕಾವಲುಗಾರ ಬೀಗ ಹಾಕುತ್ತಿದ್ದ.

ಕೊಡಲಾರದವರನ್ನು ವರ್ತಕ ಮರೆಯಲಿಲ್ಲ.

"ಅವರ ಮಕ್ಕಳೂ ಬರಲಿ. ಅವರಿಂದ ಏನನ್ನೂ ಕೇಳಬೇಡಿ. ಯಾರು, ಎತ್ತ ಎಂದು ವಿಚಾರಿಸಲೂ ಬೇಡಿ. ಬಡವರನ್ನು ನಿಲ್ಲಿಸಿ ಬರೆದುಕೊಂಡರೆ ಅದು ದಾನವಲ್ಲ, ಡಂಗುರ" ಎಂದ.

ಊರು ತಲೆದೂಗಿತು. ವರ್ತಕನಿಗೂ ತನ್ನ ಮಾತು ಹಿಡಿಸಿತು.

ಅದೇ ಪಟ್ಟಣದಲ್ಲಿ ಊದುಬತ್ತಿ ಹೊಸೆಯುವ ಒಬ್ಬ ಹೆಂಗಸಿದ್ದಳು. ಅವಳದು ಒಂದೇ ಕೋಣೆಯ ಮನೆ. ಕಲಸುವ ಇದ್ದಿಲ ಪುಡಿ ಹಾರಿ ಅನ್ನದ ಮೇಲೂ ಕೂರುತ್ತಿತ್ತು. ಅವಳ ಮಗಳಿಗೆ ಏಳು ವರ್ಷ. ಹಗಲೂ ಇರುಳೂ ಕೆಮ್ಮು. ಮಗಳನ್ನು ಹೊರಗೆ ಬಿಟ್ಟರೆ ಗಾಡಿಯ ಭಯ, ಒಳಗೆ ಕೂರಿಸಿಕೊಂಡರೆ ಪುಡಿಯ ಭಯ.

ಆಟದ ಮನೆಗೆ ಹೋಗತೊಡಗಿದ ಮೇಲೆ ಎರಡು ತಿಂಗಳಲ್ಲಿ ಮಗುವಿನ ಕೆಮ್ಮು ನಿಂತಿತು. ಮಗು ನಿದ್ದೆ ಮಾಡಿತು, ತಾಯಿಯೂ ನಿದ್ದೆ ಮಾಡಿದಳು. ನಿದ್ದೆ ಕಂಡ ಕೈ ಹಗಲು ಸಾವಿರ ಕಡ್ಡಿ ಹೆಚ್ಚು ಹೊಸೆಯಿತು. ಆ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯಿತು. ವರ್ತಕನ ಕೊಡುಗೆಯಿಂದ ಇಷ್ಟೂ ನಡೆದದ್ದು ನಿಜ. ಅದನ್ನು ಅಲ್ಲಗಳೆಯುವಂತಿಲ್ಲ.

ಹಜಾರದಲ್ಲಿ ಮಕ್ಕಳು ಹೆಚ್ಚಾಗಿ ಆಡುತ್ತಿದ್ದುದು ಕಣ್ಣಾಮುಚ್ಚಾಲೆ. ಅಲ್ಲಿಯ ನಿಯಮ ಬಿಗಿ. ಅಡಗಿದವರನ್ನು ಕಂಡರೆ ಸಾಲದು, ಹೆಸರು ಹಿಡಿದು ಕೂಗಬೇಕು. ಹೆಸರು ತಪ್ಪಿದರೆ ಹಿಡಿದದ್ದು ಹಿಡಿದಂತಲ್ಲ.

ಹುಡುಗಿ ಬಂದ ಮೊದಲ ದಿನ ಒಬ್ಬ ಹುಡುಗ ಕೇಳಿದ್ದ: "ಇವಳ ಬಿಲ್ಲೆ ಎಲ್ಲಿ?"

"ಇವಳಿಗೆ ಬಿಲ್ಲೆ ಇಲ್ಲಪ್ಪ" ಎಂದ ಕಾವಲುಗಾರ.

"ಹಾಗಾದರೆ ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ ಕಣ್ರೋ!"

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಮಕ್ಕಳ ನಡುವೆ ಅದು ಬೈಗುಳವಲ್ಲ. ತೀರ ಚಿಕ್ಕವರನ್ನು ಅಳಿಸದೆ ಸೇರಿಸಿಕೊಳ್ಳುವ ಉಪಾಯ ಅದು. ಲೆಕ್ಕಕ್ಕಿಲ್ಲದವರು ಓಡಬಹುದು, ಕೂಗಬಹುದು, ಅಡಗಬಹುದು. ಅವರನ್ನು ಹುಡುಕುವ ಕೆಲಸ ಮಾತ್ರ ಯಾರಿಗೂ ಇರುವುದಿಲ್ಲ.

ಒಂದು ಸಂಜೆ ಹುಡುಗಿ ನಾಲ್ಕನೆಯ ಕಂಬದ ಹಿಂದೆ ಅಡಗಿದಳು. ಉಸಿರು ಬಿಗಿಹಿಡಿದು ನಿಂತಳು. ಒಬ್ಬೊಬ್ಬರಾಗಿ ಉಳಿದವರೆಲ್ಲ ಸಿಕ್ಕಿಬಿದ್ದರು. ಹುಡುಕುತ್ತಿದ್ದವನು ನಾಲ್ಕನೆಯ ಕಂಬದ ಹಿಂದೆಯೂ ಇಣುಕಿದ. ಅವಳ ಮುಖ ಕಂಡ. ಕಂಬವನ್ನಷ್ಟೇ ಕಂಡವನಂತೆ ಮುಂದೆ ಹೋದ. ಆಟ ಮುಗಿಯಿತು. ಬಿಲ್ಲೆಗಳು ತಮ್ಮ ತಮ್ಮ ಮನೆಗಳಿಗೆ ಹೋದವು. ಕಾವಲುಗಾರ ಬರಿದಾದ ಹಲಗೆ ನೋಡಿ ಬೀಗ ಹಾಕಿದ.

ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದ ಮೇಲೆ ಹಜಾರಕ್ಕೆ ಬಂದು ತಾನು ಕಟ್ಟಿಸಿದ್ದನ್ನು ಒಮ್ಮೆ ಕಣ್ತುಂಬ ನೋಡುವುದು ವರ್ತಕನ ಪದ್ಧತಿ. ಮರುದಿನವೂ ಬಂದ. ನೆತ್ತಿಯ ಮೇಲೆ ಬಿಸಿಲು; ಹಜಾರದಲ್ಲಿ ಒಂದು ನೆರಳೂ ಇರಲಿಲ್ಲ. ನಾಲ್ಕನೆಯ ಕಂಬದ ಬಳಿ ಅವನಿಗೆ ಒಂದು ಸದ್ದು ಕೇಳಿಸಿತು. ಅಡಗಿದ ಮಗು ನಗು ತಡೆಯಲಾರದೆ ಮೂಗಿನಲ್ಲಿ ಬಿಡುವ ಉಸಿರಿನ ಸದ್ದು.

ಅವನು ಕಂಬದ ಸುತ್ತ ಹೋದ. ಯಾರೂ ಇರಲಿಲ್ಲ. ಮರಳಿನ ಮೇಲೆ ಪುಟ್ಟ ಹೆಜ್ಜೆಗಳಿದ್ದವು. ಅವು ಕಂಬದ ಹಿಂದಕ್ಕೆ ಹೋಗಿದ್ದವು. ಅಲ್ಲಿಂದ ಮರಳಿರಲಿಲ್ಲ.

"ಒಳಗೆ ಯಾರೋ ಇದ್ದಾರೆ" ಎಂದ ಕಾವಲುಗಾರನಿಗೆ.

"ಹಲಗೆ ಬರಿದಾಗಿದೆ ಧಣಿ. ಹಲಗೆ ಎಂದಾದರೂ ಸುಳ್ಳು ಹೇಳಿದ್ದುಂಟೆ? ಇಲಿ ಇರಬೇಕು."

"ಇಲಿ ನಗುತ್ತದೆಯೇನೋ?"

"ನಿಮ್ಮ ಅಕ್ಕಿ ಉಗ್ರಾಣ ಕಂಡ ಇಲಿ ನಗದೆ ಅಳುತ್ತದೆಯೇ?"

ಕಾವಲುಗಾರ ಮರಳನ್ನು ಗುಡಿಸಿ ಸಮ ಮಾಡಿದ. ಮರುದಿನ ಮಧ್ಯಾಹ್ನ ಹೆಜ್ಜೆಗಳು ಮತ್ತೆ ಇದ್ದವು. ಕಂಬದ ಮೇಲೆ, ವರ್ತಕನ ಸೊಂಟದ ಎತ್ತರಕ್ಕೆ, ನಾಲ್ಕು ಪುಟ್ಟ ಬೆರಳುಗಳ ಕಪ್ಪು ಗುರುತು ಮೂಡಿತ್ತು. ವರ್ತಕ ಸುಣ್ಣ ಬಳಿಸಿದ. ಸುಣ್ಣ ಒಣಗುವ ಮೊದಲೇ ಕಪ್ಪು ಬೆರಳುಗಳು ಅದರೊಳಗಿನಿಂದ ಮೇಲಕ್ಕೆ ಬಂದವು. ಹಸಿ ಸುಣ್ಣ ಮಾತ್ರ ಒಂದಿಷ್ಟೂ ಕದಡಿರಲಿಲ್ಲ.

ಮಕ್ಕಳು ಆ ಕಂಬದ ಹಿಂದೆ ಅಡಗುವುದನ್ನು ಬಿಟ್ಟರು. ಏಕೆಂದು ವರ್ತಕ ಕೇಳಿದ. ಒಬ್ಬಳು ತೀರ ಸಹಜವಾಗಿ ಹೇಳಿದಳು: "ಅಲ್ಲಿ ಜಾಗ ಇಲ್ಲ ಮಾಮ."

ಎಂಟನೆಯ ದಿನ ವರ್ತಕ ಆ ಕಪ್ಪನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ. ಇದ್ದಿಲು, ಅದರೊಳಗೆ ಗಂಧದ ವಾಸನೆ. ಹೊತ್ತಿಸದ ಊದುಬತ್ತಿಯ ವಾಸನೆ ಅದು. ತಾನು ಬೀಗ ಹಾಕಿಸಿದ ಮನೆಯೊಳಗೆ ಯಾರದೋ ಮಗು ಸತ್ತಿದೆ ಎಂದುಕೊಂಡ. ಮೇಲುಹೊದಿಕೆಯನ್ನೂ ಮರೆತು ಊದುಬತ್ತಿ ಹೊಸೆಯುವವರ ಓಣಿಗೆ ಓಡಿದ. ಮನೆ ಮನೆಯ ಬಾಗಿಲಲ್ಲಿ ನಿಂತು ಕೇಳಿದ: "ನಿಮ್ಮ ಮಗು ಕಾಣೆಯಾಗಿದೆಯೇ?"

ಕೊನೆಯ ಮನೆಯ ಹೆಂಗಸು ಕಡ್ಡಿ ಹೊಸೆಯುವ ಮಣೆಯ ಮುಂದಿನಿಂದ ಎದ್ದಳು.

"ಕಾಣೆಯಾಗಿಲ್ಲ ಸ್ವಾಮಿ. ಇಲ್ಲೇ ಇದ್ದಾಳೆ. ಆದರೆ ಬಂದಿಲ್ಲ" ಎಂದಳು.

ಮೂಲೆಯಲ್ಲಿ ಹುಡುಗಿ ಕುಳಿತಿದ್ದಳು. ಬೆನ್ನು ಗೋಡೆಗೆ ಒತ್ತಿತ್ತು. ಕೈ ಎದೆಯ ಮೇಲಿತ್ತು. ಉಸಿರನ್ನು ಬಿಗಿಹಿಡಿದಿದ್ದಳು, ಹಿಡಿಯಲಾರದಾದಾಗ ಕೆಮ್ಮಿದಳು, ಮತ್ತೆ ಬಿಗಿಹಿಡಿದಳು. ಕಣ್ಣುಗಳು ತೆರೆದೇ ಇದ್ದವು. ಅವು ವರ್ತಕನನ್ನು ನೋಡಲಿಲ್ಲ.

"ಆ ದಿನ ಕೊಳದ ಕಡೆಯ ಕಿಂಡಿಯಲ್ಲಿ ನುಸುಳಿ ಬಂದಳಂತೆ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿದ್ದಳು. ಅವತ್ತಿನಿಂದ ಕರೆದರೆ ತಿರುಗುವುದಿಲ್ಲ. ಬೇರೆ ಯಾರನ್ನೋ ಕರೆದ ಹಾಗೆ ಕೂತಿರುತ್ತಾಳೆ. ಏನಾಯ್ತೇ ಮಗಾ ಎಂದರೆ, 'ಶ್... ನಾನಿನ್ನೂ ಅಡಗಿದ್ದೀನಿ, ಯಾರೂ ಹಿಡಿದಿಲ್ಲ' ಅನ್ನುತ್ತಾಳೆ."

ವರ್ತಕ ತಾಯಿಯ ಕಡೆ ತಿರುಗಿದ. ಅವನು ಒಳ್ಳೆಯವನು, ಅವನಿಗೆ ಗೊತ್ತಿದ್ದ ಒಳ್ಳೆಯತನ ಒಂದೇ ಬಗೆಯದು.

"ಏನು ಬೇಕು ಕೇಳಮ್ಮ. ವೈದ್ಯರನ್ನು ಕಳಿಸುತ್ತೇನೆ. ಹಾಲು ಕಳಿಸುತ್ತೇನೆ. ಮಗುವಿಗೆ ಹೊಸ ಲಂಗ ಹೊಲಿಸುತ್ತೇನೆ."

"ನೀವು ಕೊಟ್ಟದ್ದು ಕಡಿಮೆಯಲ್ಲ ಸ್ವಾಮಿ. ಇವಳ ಉಸಿರು ನಿಮ್ಮಿಂದ ನೆಟ್ಟಗಾಗಿತ್ತು. ಅದನ್ನು ಮರೆತರೆ ನನ್ನ ಬಾಯಿಗೆ ಹುಳ ಬೀಳಲಿ. ಈಗ ಹಾಲು ಬೇಡ, ಲಂಗ ಬೇಡ. ಅಲ್ಲಿ ಉಳಿದವಳನ್ನು ಕರೆದುಕೊಂಡು ಬನ್ನಿ, ಅಷ್ಟು ಸಾಕು."

"ತಾಯಿ ನೀನು. ನೀನು ಕರೆದರೆ ಬರುವುದಿಲ್ಲವೆ?"

"ನಾನು ಆಟದಲ್ಲಿ ಇರಲಿಲ್ಲವಲ್ಲ ಸ್ವಾಮಿ. ಆಟದ ಮನೆ ನಿಮ್ಮದು. ಅಲ್ಲಿಯವರು ಕೂಗಿದರೇ ಅವಳು ಹೊರಗೆ ಬರುವುದು."

ವರ್ತಕ ಬೇರೇನನ್ನೂ ಕೇಳದೆ ಹೊರಟ. ದಾರಿಯಲ್ಲಿ ಅವನ ಮನಸ್ಸು ಹಗುರವಾಗಿತ್ತು. ಕರೆಯುವುದು ತಾನೆ, ಅದೆಷ್ಟರ ಕೆಲಸ!

ಅವನು ಹಜಾರ ಸೇರಿದಾಗ ಸರಿಯಾಗಿ ನಡುಹಗಲು. ಹಲಗೆ ಬರಿದಾಗಿತ್ತು. ಮರಳಿನ ಮೇಲೆ ಹೆಜ್ಜೆಗಳಿದ್ದವು. ಅವನು ನಡುವೆ ನಿಂತು, "ಬಾ ಮಗು" ಎಂದ.

ನಾಲ್ಕನೆಯ ಕಂಬದ ಹಿಂದೆ ಉಸಿರೊಂದು ಬಿಗಿಯಿತು.

"ಬಾರಮ್ಮ. ಆಟ ಮುಗಿದಿದೆ" ಎಂದ.

ಉಸಿರು ಬಿಗಿದೇ ಇತ್ತು. ಕಂಬದ ಅಂಚಿನಲ್ಲಿ ನಾಲ್ಕು ಕಪ್ಪು ಬೆರಳುಗಳು ಒಂದೊಂದಾಗಿ ಕಾಣಿಸಿಕೊಂಡವು. ಯಾರೋ ಇಣುಕಲು ಸಿದ್ಧವಾದಂತೆ, ತನ್ನನ್ನು ಕರೆಯುವುದನ್ನೇ ಕಾದಂತೆ. ವರ್ತಕ ಗಟ್ಟಿಯಾಗಿ ಕೂಗಲು ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಉಳಿಯಿತು. ಬೆರಳುಗಳು ಒಂದೊಂದಾಗಿ ಹಿಂದಕ್ಕೆ ಸರಿದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಂಬುಜಾಕ್ಷಿ ಕಾದಳು. ಮಠದ ಅಂಗಳದಲ್ಲಿ ಯಾರೋ ನೀರು ಸೇದುತ್ತಿದ್ದರು. ರಾಟೆಯ ಸದ್ದು ನಿಂತಿತು. ಕತೆ ಮುಂದುವರಿಯಲಿಲ್ಲ. ತೋಳಿನ ಮೇಲೆ ಕೂದಲು ನಿಮಿರಿದ್ದನ್ನು ಅವಳು ಸೆರಗಿನಿಂದ ಮುಚ್ಚಿಕೊಂಡಳು. ಕತೆಗೆ ಹೆದರುವ ವಯಸ್ಸು ತನ್ನದಲ್ಲವೆಂದು ಅವಳಿಗೆ ಗೊತ್ತಿತ್ತು.

"ಕತೆ ಮುಗಿಯಲಿಲ್ಲ ಗುರುಗಳೇ. ಅವಳು ಹೊರಗೆ ಬಂದಳೆ?"

"ಯಾರು ತಾಯಿ?"

"ಅದೇ, ಆ ಹುಡುಗಿ."

"ಯಾವ ಹುಡುಗಿ? ಆಟದ ಮನೆಯಲ್ಲಿ ಬಹಳ ಹುಡುಗಿಯರಿದ್ದರು."

"ಅದೇ ಗುರುಗಳೇ, ಶುಲ್ಕವಿಲ್ಲದೆ ಸೇರಿಸಿಕೊಂಡಿದ್ದವಳು" ಎಂದಳು ಅಂಬುಜಾಕ್ಷಿ, ತುಸು ಅಸಹನೆಯಿಂದ.

ಗುರುಗಳು ಅವಳ ಮುಖವನ್ನೇ ನೋಡಿದರು.

"ಅವಳ ಹೆಸರನ್ನು ವರ್ತಕನೂ ಕೇಳಲಿಲ್ಲ, ಇಷ್ಟು ಹೊತ್ತು ಕತೆ ಕೇಳಿದ ನೀವೂ ಕೇಳಲಿಲ್ಲ."

ಅಂಬುಜಾಕ್ಷಿ ನಮಸ್ಕರಿಸಿ ಎದ್ದಳು. ಸಂಜೆಯ ಸಭೆಯನ್ನು ಮುಂದೂಡಿ, ಬಿಟ್ಟುಹೋದ ಒಂಬತ್ತು ಮಕ್ಕಳ ಮನೆಗಳನ್ನು ವಿಚಾರಿಸಿಕೊಂಡು ಆ ಹಗಲೇ ತಾನೊಬ್ಬಳೇ ನಡೆದು ಹೋಗಿ, ಒಬ್ಬೊಬ್ಬರ ಹೆಸರನ್ನೂ ಕೇಳುವುದೆಂದು ನಿರ್ಧರಿಸಿದಳು.