ಹಾಲಪ್ಪನ ಹೆಡ್‌ಫೋನು, ಹೊನ್ನಮ್ಮನ ಗಂಟಲು

ಹೋಳಿಗೆ ಮಾಡಿ ಮಾರುವ ಹೊನ್ನಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಹಾಲಪ್ಪ ಅಂತ ಒಬ್ಬನೇ ಮಗ. ತಾಯಿಯ ಹೋಳಿಗೆ ಎಷ್ಟು ಮೆತ್ತಗೋ ಮಗನ ತಲೆ ಅಷ್ಟೇ ಗಟ್ಟಿ. ಕೆಟ್ಟವನಲ್ಲ, ಪಾಪ. ಸುಳ್ಳು ಹೇಳುವವನಲ್ಲ, ಕದಿಯುವವನಲ್ಲ, ಹೇಳಿದ ಮಾತು ಮೀರುವವನಂತೂ ಅಲ್ಲವೇ ಅಲ್ಲ. ತೊಂದರೆ ಬಂದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುತ್ತಿದ್ದ.

ಕಿರಾಣಿ ಅಂಗಡಿಯವರು "ಗಿರಾಕಿ ಕೇಳಿದ್ದು ಇಲ್ಲ ಅನ್ಬೇಡ, ಕೊಡು" ಅಂದರು. ಒಬ್ಬ ತಮಾಷೆಗೆ ಸಾವ್ಕಾರರ ಕುರ್ಚಿ ಕೇಳಿದ. ಹಾಲಪ್ಪ ಹೊತ್ತುಕೊಂಡು ಹೋಗಿ ಅವನ ಮನೆ ಮುಟ್ಟಿಸಿ ಬಂದ. ಹೋಟೆಲಿನವರು "ಬಂದೋರ್ನ ಕೂರ್ಸು, ಏಳೋಕೆ ಬಿಡಬೇಡ" ಅಂದರು. ಊಟ ಮುಗಿಸಿ ಕೈತೊಳೆಯಲು ಎದ್ದವರನ್ನೂ ಹೆಗಲು ಹಿಡಿದು ಕೂರಿಸಿದ. ಅಲ್ಲೂ ಕೆಲಸ ಹೋಯಿತು, ಇಲ್ಲೂ ಹೋಯಿತು. ಕೊನೆಗೆ ಊರಿನಲ್ಲಿ ಉಳಿದದ್ದು ಓಂಕಾರಪ್ಪನ ಮೈಕ್‌ಸೆಟ್ ಅಂಗಡಿ ಒಂದೇ.

ಓಂಕಾರಪ್ಪ ಮದುವೆ ಮುಂಜಿಗೆಲ್ಲ ಮೈಕು, ಸ್ಪೀಕರು ಬಾಡಿಗೆಗೆ ಕೊಡುವವನು. ಜೊತೆಗೆ ಹೆಡ್‌ಫೋನು, ಹಾಡು ಕೇಳುವ ಸಣ್ಣ ಸ್ಪೀಕರು, ಇವುಗಳ ವ್ಯಾಪಾರವೂ ಇತ್ತು. ಹಾಲಪ್ಪನ ತೀರಿಹೋದ ಅಪ್ಪ ಅಲ್ಲೇ ದುಡಿದವನು.

"ಅವರಪ್ಪನ ಮುಖ ನೋಡಿ ಇಟ್ಕಂತೀನಿ ಹೊನ್ನಮ್ಮಕ್ಕ. ನನ್ನ ಅಂಗಡಿ ಮರ್ಯಾದೆ ಒಂದು ಕಳೀದಿದ್ರೆ ಸಾಕು" ಅಂದ ಓಂಕಾರಪ್ಪ.

ಹೊನ್ನಮ್ಮ ಕೈ ಮುಗಿದಳು. ಲಟ್ಟಿಸಿ ಲಟ್ಟಿಸಿ ಅವಳ ಮಣಿಕಟ್ಟು ಬಿದ್ದುಹೋಗಿತ್ತು. ತಾನು ಹೋದ ಮೇಲೆ ಇವನಿಗೆ ಒಂದು ಹೊತ್ತಿನ ಅನ್ನ ಹಾಕುವವರು ಯಾರು ಅನ್ನುವುದೊಂದೇ ಅವಳ ಚಿಂತೆ. ಈ ಕೆಲಸವೊಂದು ನಿಂತರೆ ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು ಅಂದುಕೊಂಡಳು. ನಿಲ್ಲಬೇಕಲ್ಲ!

ಒಂದು ದಿನ ಓಂಕಾರಪ್ಪ ಸ್ಪೀಕರೊಂದನ್ನು ರಿಪೇರಿ ಮಾಡಿ ಕೊಟ್ಟ. "ಮನೆಗೆ ಒಯ್ದು ಹಾಡು ಹಾಕಿ ಕೇಳಿ ನೋಡು. ಬೀದಿ ಕೊನೇಗೂ ಕೇಳ್ಬೇಕು ನೋಡು, ಅಂಥಾ ಸ್ಪೀಕರು ಅದು!"

ಹಾಲಪ್ಪ ಒಯ್ದ. ಮಟಮಟ ಮಧ್ಯಾಹ್ನ. ಕಟ್ಟೆಯ ಮೇಲಿಟ್ಟು ಹಾಡು ಹಾಕಿದ, ಬೀದಿ ಕೊನೆಗೆ ಓಡಿದ. ಕೇಳಿತು, ಆದರೆ ಸಣ್ಣಗೆ. ವಾಪಸು ಓಡಿಬಂದು ಜೋರು ಮಾಡಿದ, ಮತ್ತೆ ಓಡಿದ. ಇನ್ನೂ ಸಾಲದು. ಬಂದ, ಪೂರ್ತಿ ತಿರುಗಿಸಿದ. ಪಕ್ಕದ ಮನೆಯ ಬಾಣಂತಿಯ ಕೂಸು ಕಿಟಾರನೆ ಕಿರುಚಿತು. ಎದುರು ಮನೆಯಲ್ಲಿ ಮಲಗಿದ್ದ ಮುದುಕ ಭೂಕಂಪ ಅಂತ ಹೊರಗೆ ಬಂದು ನಿಂತ. ಬೀದಿಯೆಲ್ಲ ಹೊನ್ನಮ್ಮನ ಬಾಗಿಲಿಗೆ ಬಂತು.

"ಲೋ ಪೆದ್ದೇ! ಆ ಹಾಡು ಯಾರಿಗೆ ಬೇಕಿತ್ತೋ?"

"ನಂಗೇ ಅವ್ವ. ಕೇಳಿ ನೋಡು ಅಂದಿದ್ರು."

"ನಿಂಗೆ ಬೇಕಿದ್ರೆ ಬೀದಿಗೆಲ್ಲ ಯಾಕೋ ಹಂಚ್ದೆ? ಯಾರಿಗೆ ಬೇಕೋ ಅವರ ಕಿವಿಗೆ ಮಾತ್ರ ಹಾಕ್ಬೇಕು! ಹೆಡ್‌ಫೋನು ಅಂತ ಮಾಡಿರೋದು ಮತ್ಯಾತಕ್ಕೆ?"

"ಹೂಂ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಹಾಲಪ್ಪ.

ಮಾಡಿದ. ಆಮೇಲೆ ಒಂದು ಮದುವೆ ಬಂತು. ವಾಲಗದವರನ್ನು ಕರೆಸುವ ಶಕ್ತಿ ಇಲ್ಲದ ಮನೆ, ವಾಲಗವನ್ನು ಮೈಕ್‌ಸೆಟ್ಟಿನಲ್ಲೇ ಹಾಕಬೇಕಿತ್ತು. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಬಾರಿಸುವುದು ಯಾಕೆ ಹೇಳಿ? ಕೆಟ್ಟ ಸದ್ದು ಯಾವುದೂ ಹುಡುಗ ಹುಡುಗಿಯ ಕಿವಿಗೆ ಬೀಳಬಾರದು ಅಂತ. ಇದನ್ನು ಹಾಲಪ್ಪನಿಗೆ ಯಾರೋ ಬಿಡಿಸಿ ಹೇಳಿದ್ದರು. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ಪುರೋಹಿತರು ಕೈ ಎತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ಹಾಲಪ್ಪ ಮಂಟಪ ಹತ್ತಿದ. ಬಾಸಿಂಗ ಒಂಚೂರು ಪಕ್ಕಕ್ಕೆ ಸರಿಸಿ ಮದುಮಗನ ಕಿವಿಗೊಂದು ಹೆಡ್‌ಫೋನು, ಮದುಮಗಳ ಕಿವಿಗೊಂದು ಹೆಡ್‌ಫೋನು ಹಾಕಿದ. ಅವರಿಬ್ಬರಿಗೆ ಭರ್ಜರಿ ಗಟ್ಟಿಮೇಳ. ಮಿಕ್ಕವರಿಗೆ ಪಿಟ್ಟೆಂದರೆ ಪಿಟ್ಟಿಲ್ಲ. ಅಕ್ಷತೆ ಹಿಡಿದ ಕೈಗಳೆಲ್ಲ ಹಾಗೇ ನಿಂತವು. ಆ ನಿಶ್ಶಬ್ದದಲ್ಲಿ ಹುಡುಗಿಯ ಸೋದರಮಾವ ಒಂದು ಸೀನು ಸೀನಿದ ನೋಡಿ, ಚಪ್ಪರದ ಕಂಬ ನಡುಗಿತು.

"ಅಪಶಕುನ! ಅಪಶಕುನ!" ಅಂತ ಮುದುಕಿಯರು ಎದ್ದರು.

"ಅವರಿಗೆ ಕೇಳ್ಸಿಲ್ಲ ಬಿಡ್ರಿ, ನಾನು ಕಿವಿ ಮುಚ್ಚಿದೀನಿ" ಅಂದ ಹಾಲಪ್ಪ.

ಓಂಕಾರಪ್ಪ ಮನೆಯವರೆಗೂ ಬೈದುಕೊಂಡೇ ಬಂದ. ಹೊನ್ನಮ್ಮ ಅವನಿಗೆ ಹೋಳಿಗೆ ಕೊಟ್ಟು ಸಮಾಧಾನ ಮಾಡಿ ಕಳಿಸಿ, ಮಗನ ಕಡೆ ತಿರುಗಿದಳು.

"ನಿನ್ನ ಹೊತ್ತ ಹೊಟ್ಟೆಗಿಷ್ಟು ಬೆಂಕಿ ಹಾಕ! ಗಟ್ಟಿಮೇಳ ಯಾರಾದ್ರೂ ಕಿವಿಯೊಳಗೆ ಹಾಕ್ತಾರೇನೋ? ಮುಂದೆ ನಿಂತ ದೊಡ್ಡೋರು ಕೈ ಎತ್ತಿದ್ರು ಅಂದ್ರೆ ಹಿಂದೆಮುಂದೆ ನೋಡ್ಬೇಡ, ಇರೋ ಸ್ಪೀಕರಿಗೆಲ್ಲ ಗಟ್ಟಿಮೇಳ ಹಾಕು!"

"ಹೂಂ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಊರಿನ ಹಳೆಯ ಹೆಡ್‌ಮಾಸ್ಟರೊಬ್ಬರು ತೀರಿಕೊಂಡರು. ಶಾಲೆಯ ಅಂಗಳದಲ್ಲಿ ಸಂತಾಪ ಸಭೆ. ಮೇಷ್ಟರ ಫೋಟೋಗೆ ಹಾರ, ಮುಂದೆ ಊದುಬತ್ತಿ, ಎಲ್ಲರ ಕೈಯಲ್ಲೂ ಬಿಡಿ ಹೂವು. ಅಧ್ಯಕ್ಷರು ಗದ್ಗದ ದನಿಯಲ್ಲಿ ಮಾತಾಡಿ, "ಈಗ ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ" ಅಂತ ಕೈ ಎತ್ತಿದರು.

ಕೈ ಎತ್ತಿದರಲ್ಲ! ಹಾಲಪ್ಪ ಇರುವ ಸ್ಪೀಕರಿಗೆಲ್ಲ ಗಟ್ಟಿಮೇಳ ಹಾಕಿದ. ಡೋಲು, ನಾದಸ್ವರ, ತಾಳ, ಎಲ್ಲ ಒಟ್ಟಿಗೆ! ಅಭ್ಯಾಸ ಎಲ್ಲಿ ಬಿಡುತ್ತದೆ? ಮುಂದಿನ ಸಾಲಿನವರು ಕೈಯಲ್ಲಿದ್ದ ಹೂವನ್ನು ಅಕ್ಷತೆ ಹಾಕಿದ ಹಾಗೆ ಫೋಟೋ ಮೇಲೆ ಎರಚಿಯೇಬಿಟ್ಟರು. ಒಬ್ಬಾತ "ಊಟ ಎಲ್ಲಿ ಹಾಕ್ತಾರೆ?" ಅಂತ ಪಕ್ಕದವನನ್ನು ಕೇಳಿದ.

ಹೊನ್ನಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಸತ್ತೋರ ಮುಂದೆ ಗಟ್ಟಿಮೇಳ ಹಾಕ್ದೆಯೇನೋ ಮುಂಡೇದೆ! ಜನರ ಕಣ್ಣಲ್ಲಿ ನೀರು ಕಂಡ್ರೆ ಮೊದ್ಲು ಸೌಂಡು ನಿಲ್ಸು. ಸ್ಪೀಕರಿಗೆ ಬಟ್ಟೆ ಮುಚ್ಚು. ಹತ್ರ ಹೋಗಿ, ಹೋದೋರು ಹೋದ್ರು, ಧೈರ್ಯ ತಂದ್ಕಳಿ ಅಂತ ನಾಕು ಒಳ್ಳೆ ಮಾತಾಡು. ಮನುಷ್ಯತ್ವ ಅಂದ್ರೆ ಅದು!"

"ಹೂಂ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮುಂದಿನದು ಗೃಹಪ್ರವೇಶ. ಹೊಸ ಮನೆ, ಹೊಸ ಬಣ್ಣ, ನಡುಮನೆಯಲ್ಲಿ ಹೋಮ. ಸೌದೆ ಹಸಿ. ಹೊಗೆ ಎದ್ದಿತು ನೋಡಿ, ಯಜಮಾನನ ಕಣ್ಣಲ್ಲಿ ನೀರು, ಯಜಮಾನಿಯ ಕಣ್ಣಲ್ಲಿ ನೀರು, ಬಂದ ಬೀಗರ ಕಣ್ಣಲ್ಲೆಲ್ಲ ನೀರು. ಸೆರಗಲ್ಲಿ ಒರೆಸುವವರೇ, ಮೂಗು ಸೊರಸೊರ ಎಳೆಯುವವರೇ. ಹಾಲಪ್ಪನಿಗೆ ಅವ್ವನ ಮಾತು ನೆನಪಾಯಿತು. ಮಂತ್ರ ಹೇಳುತ್ತಿದ್ದ ಸ್ಪೀಕರು ನಿಲ್ಲಿಸಿದ. ಮೇಲೊಂದು ಬಿಳಿ ಬಟ್ಟೆ ಹೊದಿಸಿದ. ಯಜಮಾನನ ಪಕ್ಕ ಕೂತು ಬೆನ್ನು ಸವರಿದ.

"ಹೋದೋರು ಹೋದ್ರು ಸಾವ್ಕಾರ್ರೇ, ಧೈರ್ಯ ತಂದ್ಕಳಿ."

"ಯಾರಪ್ಪಾ ಹೋದ್ರು?" ಯಜಮಾನ ದಡಕ್ಕನೆ ಎದ್ದು ನಿಂತ.

ಆಸ್ಪತ್ರೆಯಲ್ಲಿ ಅವನ ಅತ್ತೆ ಇದ್ದಳು. ಹೆಂಡತಿ ಅದನ್ನೇ ನೆನೆದು "ಅಯ್ಯೋ ಅವ್ವಾ!" ಅಂತ ಬೋರೆಂದು ಅತ್ತಳು. ಅಳು ಕೇಳಿ ಬೀಗರೆಲ್ಲ ಅತ್ತರು. ಆಮೇಲೆ ಫೋನು ಮಾಡಿದರೆ ಆ ಮುದುಕಿ ಆಸ್ಪತ್ರೆಯಲ್ಲಿ ಇಡ್ಲಿ ತಿನ್ನುತ್ತಿದ್ದಳಂತೆ!

ಈ ಸಲ ಹೊನ್ನಮ್ಮ ಬೈಯಲಿಲ್ಲ. ಸುಮ್ಮನೆ ಅಂಗಡಿಗೆ ಹೋಗಿ ಓಂಕಾರಪ್ಪನ ಮುಂದೆ ಸೆರಗೊಡ್ಡಿ ನಿಂತಳು. ಮಗನ ಸಲುವಾಗಿ ಊರ ಮುಂದೆ ಹೀಗೆ ನಿಲ್ಲುವುದು ಅವಳಿಗೆ ಸಾಕಾಗಿತ್ತು, ಆದರೂ ನಿಂತಳು.

"ಇದೇ ಕೊನೆ ಅಕ್ಕ" ಅಂದ ಓಂಕಾರಪ್ಪ. "ಇನ್ನು ಅವನನ್ನ ಹೊರಗೆ ಕಳ್ಸಲ್ಲ. ಅಂಗಡೀಲೇ ಕೂತಿರ್ಲಿ. ಜನ ಬರ್ತಾರೆ, ಹೆಡ್‌ಫೋನು ತಗಳ್ಳೋದೋ ಸ್ಪೀಕರು ತಗಳ್ಳೋದೋ ಅಂತ ತಲೆ ಕೆಡಿಸ್ಕಂತಾರೆ. ಕೇಳೋನು ಒಬ್ನೇ ಆದ್ರೆ ಹೆಡ್‌ಫೋನು, ಜನ ಇದ್ರೆ ಸ್ಪೀಕರು. ಅಷ್ಟು ಹೇಳಿದ್ರೆ ಆಯ್ತು."

ಹೊನ್ನಮ್ಮ ಇದನ್ನು ಮಗನಿಗೆ ಉರು ಹೊಡೆಸಿದಳು. "ಒಬ್ರು ಬಂದ್ರೆ?" "ಹೆಡ್‌ಫೋನು ಅವ್ವ." "ಹತ್ತು ಜನ ಬಂದ್ರೆ?" "ಸ್ಪೀಕರು ಅವ್ವ." "ಬೇರೇನೂ ಯೋಚ್ನೆ ಮಾಡ್ಬೇಡ, ತಲೆ ಎಣಿಸು, ಕೊಡು!"

ಕೆಲಸ ಕೂಡಿಬಂತು. ಬಸ್ಸಿನಲ್ಲಿ ಓಡಾಡುವ ಟೀಚರಮ್ಮ ಒಬ್ಬಳೇ ಬಂದಳು, ಹೆಡ್‌ಫೋನು ಕೊಟ್ಟ. ಭಜನೆಯ ಹೆಂಗಸರು ಗುಂಪಾಗಿ ಬಂದರು, ಸ್ಪೀಕರು ಕೊಟ್ಟ. ಹೊನ್ನಮ್ಮನ ಹೊಟ್ಟೆ ತಣ್ಣಗಾಯಿತು. ಅಂತೂ ದಡ ಸೇರಿದೆ ಅಂದುಕೊಂಡಳು.

ಹೀಗಿರುವಾಗ ಓಂಕಾರಪ್ಪ ಪರವೂರಿಗೆ ಹೋದ ದಿನ ಪುರಸಭೆಯ ಆಟೋ ಅಂಗಡಿ ಮುಂದೆ ಬಂದು ನಿಂತಿತು. ಡ್ರೈವರ್ ನಜೀರ ಇಳಿದ. "ಹಾಲಪ್ಪ, ಮೇಲಿನ ಸ್ಪೀಕರು ಕೆಟ್ಟೈತೆ. ಊರೆಲ್ಲ ಸುತ್ತಿ ರೆಕಾರ್ಡ್ ಮಾಡಿರೋ ಇದೊಂದು ಪ್ರಕಟಣೆ ಕೇಳ್ಸ್ಬೇಕು. ಏನಾದ್ರೂ ಹಾಕ್ಕೊಡು ಮಾರಾಯ."

ಹಾಲಪ್ಪ ಆಟೋದೊಳಗೆ ಬಗ್ಗಿ ನೋಡಿದ. ಹಿಂದೆ ಯಾರೂ ಇಲ್ಲ. ಮುಂದೆ ನಜೀರ. ತಲೆ ಒಂದೇ! ಕೆಟ್ಟ ಸ್ಪೀಕರಿನ ವೈರು ಬಿಚ್ಚಿಟ್ಟು, ನಜೀರನ ಕಿವಿಗೆ ಅಂಗಡಿಯ ದೊಡ್ಡ ಹೆಡ್‌ಫೋನು ಹಾಕಿದ. ನಜೀರನೂ ಅಂಥ ಬುದ್ಧಿವಂತನೇನಲ್ಲ. ಕಿವಿ ತುಂಬ ದನಿ ಬಂದದ್ದೇ, "ಅಬ್ಬಬ್ಬ! ಏನ್ ಸೌಂಡಪ್ಪ! ಊರೇ ನಡುಗ್ತದೆ!" ಅಂತ ಹೊರಟ.

ಹೊನ್ನಮ್ಮ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಆಟೋ ಮೆಲ್ಲಗೆ ಬಂತು. ಮನೆ ಮನೆ ಮುಂದೆ ನಿಂತು ನಿಂತು ಬಂತು. ಸದ್ದೇ ಇಲ್ಲ. ನಜೀರ ಮಾತ್ರ ಜನರ ಕಡೆ ಕೈ ಮಾಡಿ, ಕೇಳಿದಿರಲ್ಲ ಅನ್ನುವ ಹಾಗೆ ತಲೆ ಆಡಿಸುತ್ತಿದ್ದ. ಅವನ ಕಿವಿಯ ಮೇಲಿನದನ್ನು ನೋಡಿದ್ದೇ ಹೊನ್ನಮ್ಮ ಎದ್ದಳು. ಬೇಳೆ ಮೊರ ಬಿಟ್ಟು ಓಡಿದಳು. ಅವನ ಕಿವಿಯಿಂದ ಕಿತ್ತು ತನ್ನ ಕಿವಿಗೆ ಇಟ್ಟುಕೊಂಡಳು.

"ನಾಳೆಯಿಂದ ಪೈಪು ರಿಪೇರಿ. ನಲ್ಲಿಯಲ್ಲಿ ನೀರು ಬರುವುದಿಲ್ಲ. ಇವತ್ತು ಸಂಜೆಯೊಳಗೆ ತುಂಬಿಟ್ಟುಕೊಳ್ಳಿ!"

ಅರ್ಧ ಊರು ಸುತ್ತಿಯಾಗಿದೆ. ಒಂದು ನರಪಿಳ್ಳೆಗೂ ಗೊತ್ತಿಲ್ಲ. ಸಂಜೆಗೆ ನಲ್ಲಿ ನಿಲ್ಲುತ್ತದೆ. ನಾಳೆ ಊರೆಲ್ಲ ಖಾಲಿ ಕೊಡ ಹಿಡಿದು ಓಂಕಾರಪ್ಪನ ಅಂಗಡಿ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿಗೆ ಮಗನ ಕತೆ ಮುಗಿಯಿತು.

ಹೊನ್ನಮ್ಮ ಆಟೋ ಹತ್ತಿದಳು. "ನಡಿಯೋ ನಜೀರ! ಮೊದಲಿಂದ ತಿರುಗ್ಸು!" ತಲೆ ಹೊರಗೆ ಹಾಕಿ ಕೂಗಿದಳು. "ನಾಳೆ ನೀರಿಲ್ರೋ! ತುಂಬ್ಕಳ್ರೋ! ನಾಳೆ ನೀರಿಲ್ರೀ! ತುಂಬ್ಕಳ್ರೀ!" ಕೇರಿ ಕೇರಿ ಕೂಗಿದಳು, ಓಣಿ ಓಣಿ ಕೂಗಿದಳು. ಜನ ಬಿಂದಿಗೆ ಹಿಡಿದು ಓಡಿದರು, ಡ್ರಮ್ಮು ಉರುಳಿಸಿ ತಂದರು. ಸಂಜೆಗೆ ಊರಿನ ಪಾತ್ರೆಯೆಲ್ಲ ತುಂಬಿತು, ಹೊನ್ನಮ್ಮನ ದನಿ ಪೂರ್ತಿ ಬಿದ್ದುಹೋಯಿತು.

ಬೆಳಿಗ್ಗೆ ಓಂಕಾರಪ್ಪನಿಗೆ ಎಲ್ಲ ತಿಳಿಯಿತು. ಸೀದಾ ಮನೆಗೆ ಬಂದ. "ಅಕ್ಕ, ನಿನ್ನ ಗಂಟಲು ನನ್ನ ಮರ್ಯಾದೆ ಉಳಿಸ್ತು. ನಿನ್ನ ಮಗ ಏನೇ ಇರ್ಲಿ, ಇನ್ನು ನನ್ನ ಅಂಗಡೀಲಿ ಕಾಯಮ್ಮು!" ಹೊನ್ನಮ್ಮನ ಕಣ್ಣು ತುಂಬಿತು. ತುಟಿ ಆಡಿತು, ದನಿ ಬರಲಿಲ್ಲ. ಹೋಗುವಾಗ ಓಂಕಾರಪ್ಪ ಹಾಲಪ್ಪನ ಕಿವಿ ಹಿಂಡಿ ಹೇಳಿದ: "ನೆನಪಿಟ್ಕ! ಮಾತು ಯಾರಿಗೂ ಕೇಳಿಸ್ತಿಲ್ಲ ಅಂದ್ರೆ ಮೈಕು ಇಡು, ಸ್ಪೀಕರು ಹಚ್ಚು, ಕೇಳಿಸ್ದೇ ಇರೋರು ಒಬ್ರೂ ಉಳೀಬಾರ್ದು!"

ಅವತ್ತು ಬುದ್ಧಿ ಹೇಳಲು ತಾಯಿಗೆ ದನಿ ಇರಲಿಲ್ಲ. "ಹೂಂ ಸಾವ್ಕಾರ್ರೇ. ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಹಾಲಪ್ಪ.

ಮಧ್ಯಾಹ್ನ ಊಟಕ್ಕೆ ಬಂದ. ಒಲೆ ಮುಂದೆ ಕೂತ ಅವ್ವನ ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ಅವನಿಗೆ ನಿಜವಾಗಿಯೂ ಸಂಕಟವಾಯಿತು. ಅಂಗಡಿಗೆ ಓಡಿದ, ಮೈಕು ತಂದು ಅವಳ ಪಕ್ಕದ ಡಬ್ಬದ ಮೇಲಿಟ್ಟ, ಸ್ಪೀಕರನ್ನು ಮಾಳಿಗೆಗೆ ಹೊತ್ತ. ರಿಪೇರಿ ಸಾಮಾನು ಮನೆಗೆ ತರುವುದು ಅವನ ರೂಢಿ, ಹೊನ್ನಮ್ಮ ಕಣ್ಣೆತ್ತಿಯೂ ನೋಡಲಿಲ್ಲ. ಮಗ ಬಂದು ಕೂತ. ಅವನ ತಟ್ಟೆಗೆ ಬಿಸಿ ಹೋಳಿಗೆ ಹಾಕಿ, ಎಷ್ಟೋ ದಿನದ ಮೇಲೆ ನಗುತ್ತಾ, ಉಸಿರಲ್ಲೇ ಪಿಸುಗುಟ್ಟಿದಳು.

"ಅಂತೂ ಕಾಯಂ ಆಯ್ತಲ್ಲೋ ಮಗನೇ. ಓಂಕಾರಪ್ಪ ಯಾಕೆ ನಿನ್ನ ಬಿಡ್ಲಿಲ್ಲ ಗೊತ್ತಾ? ಸ್ಪೀಕರ್ ಮಧ್ಯೆ ಕೂತೂ ಕೂತೂ ಅವನ ಕಿವಿ ಹೋಗೈತೆ. ಜನ ಬೈದಿದ್ದು ಅರ್ಧಕ್ಕರ್ಧ ಅವನಿಗೆ ಕೇಳಿಸಿಲ್ಲ. ಈ ಊರಲ್ಲಿ ನಿನಗಿಂತ ದೊಡ್ಡ ಪೆದ್ದ ಅಂದ್ರೆ ಅವನೊಬ್ನೇ ಕಣೋ!"

"ಅವನೊಬ್ನೇ ಕಣೋ!" ಅಂತು ಮಾಳಿಗೆ. ಬೀದಿಯ ಕೊನೆಯಲ್ಲಿ ಜನ ನಕ್ಕರು. ಬಸ್‌ಸ್ಟ್ಯಾಂಡಿನಲ್ಲೂ ನಕ್ಕರು.

ಹೊನ್ನಮ್ಮ ಕೈಯಲ್ಲಿದ್ದ ಸೌಟು ಬಿಟ್ಟಳು. ಅಷ್ಟರಲ್ಲಿ ಓಂಕಾರಪ್ಪ ಬಾಗಿಲಲ್ಲಿ ಬಂದು ನಿಂತಿದ್ದ, ಕಿವಿಗೆ ಕೈ ಅಡ್ಡ ಇಟ್ಟುಕೊಂಡು. "ಏನೋ ಹಾಲಪ್ಪ, ಊರೆಲ್ಲ ನನ್ನ ನೋಡಿ ನಗ್ತಾ ಐತೆ. ನಿಮ್ಮವ್ವ ಏನಂದ್ಲೋ? ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ಹೊನ್ನಮ್ಮ ಬೇಡ ಬೇಡ ಅಂತ ತಲೆ ಆಡಿಸಿದಳು. ಕಣ್ಣಲ್ಲೇ ಕೈ ಮುಗಿದಳು. ಹಾಲಪ್ಪ ಯೋಚಿಸಿದ. ಊರಿಗೆಲ್ಲ ಕೇಳಿಸಿದೆ. ಕೇಳಿಸದೆ ಉಳಿದವರು ಸಾವ್ಕಾರರು ಒಬ್ಬರೇ. ಮಾಳಿಗೆಯ ಸ್ಪೀಕರು ಆರಿಸಿದ. ಹೆಡ್‌ಫೋನು ತಂದು ಓಂಕಾರಪ್ಪನ ಎರಡೂ ಕಿವಿಗೆ ನೆಟ್ಟಗೆ ಕೂರಿಸಿದ, ಪೂರ್ತಿ ಜೋರು ಮಾಡಿದ, ಮೈಕಿಗೆ ಬಾಯಿ ಇಟ್ಟ.

"ಈ ಊರಲ್ಲಿ ನನಗಿಂತ ದೊಡ್ಡ ಪೆದ್ದ ಅಂದ್ರೆ ನೀವೊಬ್ರೇ ಅಂದ್ಲು, ಸಾವ್ಕಾರ್ರೇ!"

ಕೆಲಸ ಹೋಯಿತು, ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಹೆಡ್‌ಫೋನೋ ಸ್ಪೀಕರೋ ಅಂತ ಯಾರೂ ಹೇಳಿಕೊಡದೆ ಹಾಲಪ್ಪ ತಾನೇ ಯೋಚಿಸಿ ಸರಿಯಾಗಿ ಆರಿಸಿದ್ದು ಅದೊಂದೇ ಸಲ.