ಎಣ್ಣೆ ವ್ಯಾಪಾರಿಯ ಕಲ್ಲುಬಾನಿ

"ಬುದ್ಧಿ, ಕೆಡುತ್ತಿರುವ ಊರಲ್ಲಿ ನಿಂತು ಹೋರಾಡುವುದು ಸರಿಯೋ, ಬಿಟ್ಟು ನಡೆಯುವುದು ಸರಿಯೋ?"

ಕೇಳಿದವನು ಮರುಳಯ್ಯ. ಒಂದು ಪೇಟೆಯಲ್ಲಿ ವೈದ್ಯನಾಗಿದ್ದವನು. ಅಂದು ಬೆಳಿಗ್ಗೆ ಮಠಕ್ಕೆ ಬಂದಿದ್ದ. ಏಕೆ ಬಂದೆ ಎಂದು ಗುರುಗಳು ಕೇಳಿರಲಿಲ್ಲ. ಅವನೇ ಹೇಳಿದ. ಪೇಟೆಯಲ್ಲಿ ತೂಕ ಸುಳ್ಳು, ಪಂಚಾಯಿತಿಯ ತೀರ್ಪು ಸುಳ್ಳು. ಕುಡಿಯುವ ನೀರಿನ ಬಾವಿಗೆ ಚರಂಡಿ ಸೇರುತ್ತಿದೆ ಎಂದು ಅವನು ವರ್ಷಗಟ್ಟಲೆ ಕೂಗಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಮನೆಗೆ ಬೀಗ ಹಾಕಿ ಬಂದಿದ್ದಾನೆ. ಇನ್ನು ಮಠದಲ್ಲೇ ಇರುತ್ತಾನಂತೆ.

"ನಿನ್ನ ರೋಗಿಗಳು?" ಎಂದರು ಗುರುಗಳು.

"ಅವರೂ ಆ ಊರಿನವರೇ ತಾನೆ, ಬುದ್ಧಿ."

ಗುರುಗಳು ಈ ಕತೆ ಹೇಳಿದರು.

ಒಂದು ಊರು. ಮನೆಗಳಿಗೆಲ್ಲ ಹುಲ್ಲಿನ ಸೂರು. ಬಾವಿ ಊರಿನಿಂದ ದೂರ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಬಾವಿಯಿಂದ ನೀರು ತರುವಷ್ಟರಲ್ಲಿ ಮನೆ ಉಳಿಯುವುದಿಲ್ಲ. ಆದ್ದರಿಂದ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಪ್ರತಿ ಮನೆಯವರೂ ಜಗಲಿಯ ಮುಂದೆ ಒಂದು ಬಾನಿ ತುಂಬ ನೀರು ಇಡಬೇಕು. ಆ ನೀರನ್ನು ಕುಡಿಯುವಂತಿಲ್ಲ, ದನಕ್ಕೆ ಕುಡಿಸುವಂತಿಲ್ಲ. ಬೆಂಕಿ ಬಿದ್ದಾಗ ಮಾತ್ರ ಯಾರ ಬಾನಿಯಿಂದ ಯಾರು ಬೇಕಾದರೂ ಮೊಗೆಯಬಹುದು. ಕೇಳುವ ಅಗತ್ಯವಿಲ್ಲ.

ಬಹುಕಾಲ ಊರು ಹೀಗೆ ನಡೆಯಿತು. ಆಮೇಲೆ ಒಬ್ಬ ಪಕ್ಕದ ಮನೆಯ ಬಾನಿ ತುಂಬಿದೆಯಲ್ಲ ಎಂದು ತನ್ನದನ್ನು ಬಿಟ್ಟ. ಅವನನ್ನು ನೋಡಿ ಇನ್ನೊಬ್ಬ ಬಿಟ್ಟ. ಬರಿದಾದ ಬಾನಿ ಕಾಣಬಾರದೆಂದು ಸೊಳ್ಳೆಯ ನೆಪ ಹೇಳಿ ಮುಚ್ಚಳ ಹಾಕಿದರು. ಮುಚ್ಚಳದ ಮೇಲೆ ಮೆಣಸಿನಕಾಯಿ ಒಣಗಿಸಿದರು. ಒಂದು ಮನೆಯ ಬಾನಿಯಲ್ಲಿ ಕೋಳಿ ಕಾವು ಕೂತಿತು.

ಆ ಊರಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಎಣ್ಣೆ ಮಾರುವವನಿಗೆ ಬೆಂಕಿಯ ಭಯ ಹೆಚ್ಚು. ಅವನ ಬಾನಿ ಕಲ್ಲಿನದು, ಊರಿಗೇ ದೊಡ್ಡದು. ತೊಳೆದಾಗ ನೀರು ಹೊರಹೋಗಲು ತಳದಲ್ಲಿ ಒಂದು ತೂತು, ಅದಕ್ಕೆ ಮರದ ಬಿರಡೆ. ಅವನು ದಿನವೂ ಅದನ್ನು ಕಂಠಮಟ್ಟ ತುಂಬಿಸುತ್ತಿದ್ದ. ತುಂಬಿಸಿ ಬೀದಿಗೆ ಇಳಿಯುತ್ತಿದ್ದ. ಮನೆಮನೆಯ ಮುಚ್ಚಳ ಎತ್ತಿ ನೋಡುತ್ತಿದ್ದ. ಬರಿದಾಗಿದ್ದರೆ ಮನೆಯವರನ್ನು ಕರೆದು ಬೈಯುತ್ತಿದ್ದ.

ಜನ ನಗುತ್ತಿದ್ದರು. ಪಕ್ಕದ ಮನೆಯ ಗಾಡಿಯವನು ಒಮ್ಮೆ ಎಲ್ಲರೆದುರಿಗೇ ಹೇಳಿದ: "ಏನ್ ಸಾಹುಕಾರ್ರೇ, ನಿಮ್ಮ ಬಾನಿಯಲ್ಲಿ ಆನೆ ಈಜಬಹುದು. ಅದಿರುವಾಗ ನಮ್ಮದು ಯಾಕೆ?"

"ನಾನು ಇಲ್ಲದ ದಿನ ಬೆಂಕಿ ಬಿದ್ದರೆ?"

"ನೀವು ಇಲ್ಲದಿದ್ದರೂ ಬಾನಿ ಇಲ್ಲೇ ಇರುತ್ತಲ್ಲ! ಅದಕ್ಕೇನು ಕಾಲಿದೆಯೇ?"

ವ್ಯಾಪಾರಿ ಊರಗೌಡನಲ್ಲಿ ದೂರು ಕೊಟ್ಟ. ಗೌಡ ತಲೆದೂಗಿ, ಜನ ಕೆಟ್ಟಿದ್ದಾರೆ ಎಂದ. ಹೊರಗೆ ಬರುವಾಗ ವ್ಯಾಪಾರಿ ಗೌಡನ ಬಾನಿಯ ಮುಚ್ಚಳ ಎತ್ತಿದ. ಒಳಗೆ ಈರುಳ್ಳಿ ಇತ್ತು.

ಎದುರು ಮನೆಯಲ್ಲಿ ಚಾಪೆ ಹೆಣೆಯುವ ಒಬ್ಬ ಹೆಂಗಸು ಇದ್ದಳು. ಅವಳ ಗಂಡ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಅವಳ ಬಾನಿ ಮಣ್ಣಿನದು, ಸಣ್ಣದು. ಅದು ಯಾವಾಗಲೂ ತುಂಬಿರುತ್ತಿತ್ತು. ಆದರೆ ವ್ಯಾಪಾರಿ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಅಲ್ಲಿ ಬೈಯಲು ಏನೂ ಇರಲಿಲ್ಲ.

ಗೌಡನ ಮನೆಯಿಂದ ಬಂದ ಮೇಲೆ ಅವನು ಊರು ಬಿಡಲು ನಿಶ್ಚಯಿಸಿದ. ಬೇರೆ ಊರಲ್ಲಿ ಭಾವಮೈದುನ ಇದ್ದ. ಗಾಡಿಗೆ ಸಾಮಾನು ಹೇರಿದರು. ಎಲ್ಲ ಹೇರಿ ಆದ ಮೇಲೆ ಕಲ್ಲುಬಾನಿ ಉಳಿಯಿತು. ಅದನ್ನು ಎತ್ತಲು ಸಾಧ್ಯವಿರಲಿಲ್ಲ. ಅದರಲ್ಲಿ ಅಂದು ಬೆಳಿಗ್ಗೆ ಅಭ್ಯಾಸದಿಂದ ತುಂಬಿಸಿದ ನೀರಿತ್ತು.

ಅವನು ಬಗ್ಗಿ ಬಿರಡೆಗೆ ಕೈ ಹಾಕಿದ.

ಹೆಂಡತಿ ಕೇಳಿದಳು: "ಅದನ್ಯಾಕೆ ಕೀಳ್ತೀರಿ? ಇದ್ದರೆ ಇರಲಿ ಬಿಡಿ."

"ಈ ಊರಿಗೆ ನನ್ನ ಮನೆಯ ಒಂದು ಹನಿಯೂ ಸಿಗಬಾರದು."

ನೀರು ಅಂಗಳದಲ್ಲಿ ಹರಿದು ಬೀದಿಯ ಧೂಳಿನಲ್ಲಿ ಇಂಗಿತು. ಬೀದಿಯಲ್ಲಿ ಆಗ ಯಾರೂ ಇರಲಿಲ್ಲ. ಅವನು ಬಿರಡೆಯನ್ನು ಅಲ್ಲೇ ಎಸೆದು, ಬಾನಿಯ ಮುಚ್ಚಳವನ್ನು ಮೊದಲಿನಂತೆ ಮುಚ್ಚಿ ಗಾಡಿ ಹತ್ತಿದ.

ಗಾಡಿ ದಿಬ್ಬ ಏರುತ್ತಿತ್ತು. ಹೆಂಡತಿ ಹಿಂದಿರುಗಿ ನೋಡಿ, "ಹೊಗೆ" ಎಂದಳು. ಹೊಗೆ ಅವರ ಬೀದಿಯಿಂದಲೇ ಏಳುತ್ತಿತ್ತು. ವ್ಯಾಪಾರಿ ಗಾಡಿ ತಿರುಗಿಸಿದ.

ಅವನು ಬರುವಷ್ಟರಲ್ಲಿ ಚಾಪೆಯವಳ ಮನೆಗೆ ಸೂರು ಇರಲಿಲ್ಲ. ಒಲೆಯ ಕಿಡಿ ಒಣಹುಲ್ಲಿಗೆ ತಗಲಿತ್ತು. ಅವಳು ಮೊದಲು ತನ್ನ ಬಾನಿಯ ನೀರನ್ನೆಲ್ಲ ಸುರಿದಿದ್ದಳು. ಬೆಂಕಿ ಅರ್ಧ ಇಳಿದಿತ್ತು. ಇನ್ನು ನಾಲ್ಕಾರು ಕೊಡ ಸಿಕ್ಕಿದ್ದರೆ ಆರುತ್ತಿತ್ತು. ಅವಳು ಕೊಡ ಹಿಡಿದು ಎದುರಿನ ಕಲ್ಲುಬಾನಿಗೆ ಓಡಿದಳು. ಗಾಡಿಯವನೂ ಅಲ್ಲಿಗೇ ಓಡಿದ. ಬೀದಿಯವರೆಲ್ಲ ಅಲ್ಲಿಗೇ ಓಡಿದರು. ಬೇರೆ ಯಾವ ಬಾನಿಯ ಮುಚ್ಚಳವನ್ನೂ ಯಾರೂ ಎತ್ತಲಿಲ್ಲ. ಅವುಗಳಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು.

ಕಲ್ಲುಬಾನಿಯ ತಳ ಒದ್ದೆಯಾಗಿತ್ತು, ಅಷ್ಟೆ.

ಅವಳು ಕೊಡ ಬಿಸಾಡಿ ಉರಿಯುವ ಮನೆಗೆ ನುಗ್ಗಿದಳು. ಗಂಡನನ್ನು ಮಲಗಿದ್ದ ಚಾಪೆಯ ಸಮೇತ ಹೊರಗೆಳೆದಳು. ಅವನು ಬದುಕಿದ್ದ. ಅವನ ಕಾಲುಗಳು ಬೆಂದಿದ್ದವು. ಅವಳ ಅಂಗೈಗಳಲ್ಲಿ ಚರ್ಮ ಇರಲಿಲ್ಲ.

ವ್ಯಾಪಾರಿಯನ್ನು ಕಂಡು ಅವಳು ಎದ್ದು ನಿಂತಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ.

"ಅಣ್ಣಾ," ಎಂದಳು, "ನೀವು ನಮಗೋಸ್ಕರ ತುಂಬಿಸಿಟ್ಟು ಹೋಗಿದ್ದಿರಿ. ಯಾವನೋ ಪಾಪಿ ಬಿರಡೆ ಕಿತ್ತುಬಿಟ್ಟಿದ್ದಾನೆ."

ಗಾಡಿಯವನು ಅಳುತ್ತಿದ್ದ. "ನೀವು ಬೈದಾಗೆಲ್ಲ ನಕ್ಕೆವು, ಸಾಹುಕಾರ್ರೇ. ನೀವು ಹೇಳಿದ್ದೇ ನಿಜ. ಎಂಥ ಊರು ನೋಡಿ! ನೀವು ಆ ಕಡೆ ಹೋಗೋದನ್ನೇ ಆ ಪಾಪಿ ಕಾದು ಕೂತಿದ್ದ ಅಂತ ಕಾಣುತ್ತೆ."

ಯಾರಿರಬಹುದು ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣ ತಮ್ಮನನ್ನು ನೋಡಿದ. ಗೌಡ ತನ್ನ ಆಳನ್ನು ನೋಡಿದ. ವ್ಯಾಪಾರಿಯ ಮುಖವನ್ನು ಮಾತ್ರ ಯಾರೂ ನೋಡಲಿಲ್ಲ. ಅವನ ಹೆಂಡತಿಯೂ ನೋಡಲಿಲ್ಲ. ಅವಳು ನೆಲ ನೋಡುತ್ತಿದ್ದಳು.

ಅದು ನಾನು ಎಂದು ಹೇಳಲು ವ್ಯಾಪಾರಿ ಬಾಯಿ ತೆರೆದ. ಅಷ್ಟರಲ್ಲಿ ಚಾಪೆಯವಳು ಸುಟ್ಟ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಅವನಿಗೆ ಮುಗಿದಳು. ಅಂಗೈಗಳು ಒಂದಕ್ಕೊಂದು ತಾಗದಂತೆ ಮುಗಿದಳು. ಅವನು ಬಾಯಿ ಮುಚ್ಚಿದ. ಅವಳು ಬಿಸಾಡಿದ ಕೊಡವನ್ನು ಎತ್ತಿಕೊಂಡು ಬಾವಿಯ ಕಡೆ ನಡೆದ. ಆ ಹೊತ್ತಿಗೆ ಬೆಂಕಿ ತಾನಾಗಿಯೇ ಆರಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯ ಕೇಳಿದ:

"ಆಮೇಲೆ ಅವನು ಏನು ಮಾಡಿದ, ಬುದ್ಧಿ? ಊರಲ್ಲೇ ಉಳಿದನೇ, ಹೊರಟುಹೋದನೇ?"

ಗುರುಗಳು ಅವನನ್ನೇ ನೋಡುತ್ತ ಹೇಳಿದರು:

"ಅದು ಹಾಗಿರಲಿ ಮರುಳಯ್ಯ, ಹೊರಡುವಾಗ ನೀನು ಏನನ್ನು ಚೆಲ್ಲಿ ಬಂದೆ?"