ಹದಿನಾಲ್ಕು ಹದಿನೈದು ಜನ

"ಗುರುಗಳೇ, ಕಾವಲನ್ನು ಸ್ವಲ್ಪ ಸಡಿಲ ಮಾಡಲೇ?" ಎಂದು ನೀಲಾಂಬಿಕೆ ಕೇಳಿದಳು.

ಅವಳು ಮಠದ ಕಂಪ್ಯೂಟರ್ ಶಾಲೆಯ ಶಿಷ್ಯೆ. ನಡೆದು ಬರುವ ಯಾತ್ರಿಕರು ಊಟ ವಸತಿಗೆ ಮೊದಲೇ ಹೆಸರು ಕೊಡಲೆಂದು ಒಂದು ವೆಬ್ ಪುಟ ಸಿದ್ಧಪಡಿಸಿದ್ದಳು. ತಾನೊಬ್ಬಳೇ ಮಾಡಿದ ಮೊದಲ ಕೆಲಸ. ಅದರಲ್ಲಿ 'ಎಷ್ಟು ಜನ?' ಎಂಬ ಖಾನೆಗೆ ಬರೆದದ್ದು ಹೇಳಿದ ರೂಪದಲ್ಲೇ ಇದೆಯೇ ಎಂದು ನೋಡುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಅಚ್ಚೊಂದನ್ನು ಕಾವಲಿಟ್ಟಿದ್ದಳು. ಮೊದಲಿನಿಂದ ಕೊನೆಯವರೆಗೆ ಬರೀ ಅಂಕಿ ಇದ್ದರೆ ಒಳಗೆ. ಹಿಂದೆ ಮುಂದೆ ಬೇರೆ ಏನು ಅಂಟಿಕೊಂಡಿದ್ದರೂ ಹೊರಗೆ.

ಜನ ಬರೆಯುತ್ತಿದ್ದುದು 'ಸುಮಾರು 20', '30-35', '40ರ ಮೇಲೆ'.

"ಅರ್ಧಕ್ಕರ್ಧ ಜನ ತಿರುಗಿ ಹೋಗುತ್ತಿದ್ದಾರೆ. ಒಬ್ಬ ಅಜ್ಜ ಊರು, ಹೆಸರು, ಫೋನ್ ನಂಬರು ಎಲ್ಲವನ್ನೂ ಮೂರು ಸಲ ಬರೆದರಂತೆ. ಮೂರು ಸಲವೂ 'ತಪ್ಪು' ಎಂದು ಬಂದು ಬರೆದದ್ದೆಲ್ಲ ಅಳಿಸಿಹೋಯಿತಂತೆ. ಬಾಯಿಗೆ ಬಂದಂತೆ ಬೈದರು. ಎಲ್ಲಾದರೂ ಒಂದು ಅಂಕಿ ಕಂಡರೆ ಸಾಕು, ಒಳಗೆ ಬಿಡು ಎಂದು ಅಚ್ಚನ್ನು ಬದಲಿಸಿಬಿಡಲೇ?"

ಗುರುಗಳು ನಕ್ಕು, ಒಂದು ಕತೆ ಹೇಳಿದರು.

ಒಂದು ಹೊಳೆಯಲ್ಲಿ ಒಬ್ಬ ಅಂಬಿಗ ಹರಿಗೋಲು ನಡೆಸುತ್ತಿದ್ದ. ಅವನದೊಂದು ಹಟ. ಎಷ್ಟು ಜನ ಎಂದು ಕೇಳಿದಾಗ ಒಂದೇ ಸಂಖ್ಯೆ ಹೇಳಬೇಕು, ಎರಡು ಹೇಳಿದರೆ ಹುಟ್ಟುಗೋಲು ಮುಟ್ಟುತ್ತಿರಲಿಲ್ಲ. ನಮ್ಮ ಜನರೋ, ಒಂದೇ ಸಂಖ್ಯೆ ಹೇಳಿದರೆ ಎಲ್ಲಿ ಜಿಪುಣರೆಂದುಕೊಳ್ಳುತ್ತಾರೋ ಎಂಬಂತೆ ಪಕ್ಕದ್ದನ್ನೂ ಸೇರಿಸಿಯೇ ಹೇಳುವವರು. ಹೀಗಾಗಿ ಅಂಬಿಗನಿಗೆ ದಿನವೂ ಬೈಗುಳ ತಪ್ಪುತ್ತಿರಲಿಲ್ಲ.

ಒಂದು ದಿನ ಒಬ್ಬ ಯಜಮಾನ ಮಗನ ಮದುವೆ ಮುಗಿಸಿ, ಸೊಸೆಯನ್ನು ಕರೆದುಕೊಂಡು ದಿಬ್ಬಣದೊಡನೆ ಹೊರಟಿದ್ದ. ಹೊಳೆಯ ಈಚಿನ ಕವಲು ಮೊಣಕಾಲುದ್ದ. ಅದನ್ನು ನಡೆದೇ ದಾಟಿ ನಡುಗಡ್ಡೆಯಲ್ಲಿ ಎಲ್ಲರೂ ಊಟ ಮಾಡಿದರು. ಆಚಿನ ಕವಲು ಆಳ. ಅದಕ್ಕೆ ಹರಿಗೋಲೇ ಬೇಕು. ಅಷ್ಟರಲ್ಲಿ ಮೇಲುಗಡೆ ಮೋಡ ಕಟ್ಟಿತು, ನೀರು ಕೆಂಪಾಗತೊಡಗಿತು. ಇನ್ನು ಸ್ವಲ್ಪ ಹೊತ್ತಿಗೆ ನಡುಗಡ್ಡೆ ಮುಳುಗುವುದೆಂದು ಎಲ್ಲರಿಗೂ ಗೊತ್ತಿತ್ತು. ಅವಸರದಲ್ಲಿ ಹತ್ತಿ ಕುಳಿತರು.

"ಎಷ್ಟು ಮಂದಿ?" ಅಂಬಿಗ ಕೇಳಿದ.

"ಒಂದ್ ಹದಿನಾಕು ಹದಿನೈದು ಮಂದಿ ಅದೀವಿ. ನಡಿ ನಡಿ."

"ಹದಿನಾಕೋ, ಹದಿನೈದೋ? ಸಾವಕಾಶ ಎಣಿಸ್ರೀ ಯಜಮಾನ್ರ. ನಾ ನಿಂತಿರ್ತೀನಿ."

ಯಜಮಾನನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನೀರು ಏರುತ್ತಿರುವಾಗ ಇವನದೇನು ತಲೆಹರಟೆ ಎಂದು ಅಂಬಿಗನ ಏಳು ತಲೆಮಾರನ್ನೂ ಜಾಲಾಡಿದ. ಅಂಬಿಗ ನೀರಿಗಿಳಿದು ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಬೇರೆ ದಾರಿ ಕಾಣದೆ ಯಜಮಾನ ತನ್ನ ಎದೆ ಮುಟ್ಟಿಕೊಂಡು ಒಂದು ಎಂದು ಶುರು ಮಾಡಿದ. ಹದಿನಾಲ್ಕಕ್ಕೆ ನಿಂತಿತು.

"ಹದಿನಾಕು. ಆತಲ್ಲ? ಇನ್ನರ ನಡಿ."

ಆಗ ಹೊಸ ಸೊಸೆ ಮೆಲ್ಲಗೆ ಬಾಯಿಬಿಟ್ಟಳು. "ಮಾವಾರ, ಊಟಕ್ಕ ನಾ ಹದಿನೈದು ಎಲಿ ಹಾಕಿದ್ನಿ." ಬಂದ ಮೊದಲ ದಿನವೇ ತಪ್ಪಾಗಬಾರದೆಂದು ಆ ಹುಡುಗಿ ಮುತ್ತುಗದ ಎಲೆಗಳನ್ನು ಎಣಿಸಿ ಹಾಕಿದ್ದಳು.

ಯಜಮಾನ ಹರಿಗೋಲಿನಲ್ಲಿದ್ದವರ ಮುಖಗಳನ್ನು ಮತ್ತೊಮ್ಮೆ ನೋಡಿದ. ಅವನ ಸೋದರತ್ತೆ ಇರಲಿಲ್ಲ. ಕಿವಿ ಕೇಳದ ಮುದುಕಿ, ವಿಧವೆ. ಶುಭಕಾರ್ಯದಲ್ಲಿ ಹಿಂದೆಯೇ ಉಳಿದು ರೂಢಿಯಾದವಳು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ. ಅವನು ದಡಕ್ಕೆ ಜಿಗಿದು ಓಡಿದ. ಜಾಲಿ ಮರದ ಆಚೆ ಸೆರಗು ಹಾಸಿಕೊಂಡು ಮಲಗಿದ್ದಳು. ನೀರು ಅವಳ ಪಾದದ ಹತ್ತಿರ ಬಂದಿತ್ತು. ಹೊತ್ತುಕೊಂಡೇ ಬಂದ.

ಅಷ್ಟು ಹೊತ್ತಿಗೆ ನೀರು ಅಂಬಿಗನ ಸೊಂಟಕ್ಕೆ ಏರಿತ್ತು. ಹಿಡಿದ ಅಂಚನ್ನು ಅವನು ಬಿಟ್ಟಿರಲಿಲ್ಲ.

ಆಚೆ ದಡ ಸೇರಿದ ಮೇಲೆ ಯಜಮಾನ ಬೈದ ಬಾಯಿಂದಲೇ, "ನೀ ತಡೀಲಿಲ್ಲಂದ್ರ ನಮ್ಮವ್ವನ್ನ ಕಳಕೊಂಡಿದ್ನೆಪ್ಪಾ," ಎಂದು ಅಂಬಿಗನ ಕೈ ಹಿಡಿದು ಅತ್ತ. ಮುದುಕಿಗೆ ನಡೆದದ್ದನ್ನು ಸನ್ನೆ ಮಾಡಿ ತಿಳಿಸಿದರು. ಅವಳು ಎದೆಗುಂದಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. "ನನ್ನೂ ಎಣಿಸಿದ್ರೇನು?" ಎಂದು ಸೊಸೆಯ ಕೆನ್ನೆ ಸವರಿದಳು. ಅಂದಿನಿಂದ ಅವರ ಹೊಲದಲ್ಲಿ ಜೋಳದ ರಾಶಿಯಾದಾಗಲೆಲ್ಲ ಮೊದಲ ಮೊರದ ಕಾಳು ಅಂಬಿಗನ ಮನೆಗೆ ಹೋಗುತ್ತಿತ್ತು. ಮುದುಕಿ ಇರುವಷ್ಟು ದಿನ ತಾನೇ ಹೊತ್ತು ಕೊಟ್ಟು ಬರುತ್ತಿದ್ದಳು.

ಗುರುಗಳು ಕತೆ ಮುಗಿಸಿದರು. ನೀಲಾಂಬಿಕೆಯ ಕಣ್ಣು ತುಂಬಿತ್ತು, ಮನಸ್ಸು ಹಗುರಾಗಿತ್ತು. ಹದಿನಾಲ್ಕು ಹದಿನೈದು ಎಂಬ ಮಾತಿನ ನಡುವೆ ಒಂದು ಜೀವವೇ ಅಡಗಿ ಕೂರಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಅವಳು ಎದ್ದು ಕೈಮುಗಿದಳು.

"ಉಪಕಾರವಾಯಿತು ಗುರುಗಳೇ. ಹಾಗಾದರೆ ನನ್ನ ಅಚ್ಚು ಸರಿಯಾಗಿಯೇ ಇದೆ. ಯಾರು ಬೈದರೂ ಬದಲಿಸುವುದಿಲ್ಲ."

"ಅಚ್ಚು ಸರಿ ಇದೆ ತಾಯಿ, ಆದರೆ ಆ ಅಜ್ಜ ಎಣಿಸಿ ಬರುವವರೆಗೆ ನಿನ್ನ ಪುಟ ಹರಿಗೋಲು ಹಿಡಿದು ನಿಂತಿತ್ತೇ?"